ಹುಲ್ಲಿನಿಂದ ಟರ್ಫ್‌ಗೆ: ಭಾರತದ ಹಾಕಿ ನಡೆದ ದಾರಿ

ಭಾರತದ ಪುರುಷರ ಹಾಕಿ ತಂಡದ ಕತೆ ಹೇಳುವಾಗ ಎಂಟು ಒಲಿಂಪಿಕ್ ಚಿನ್ನಗಳನ್ನು ಕೊಂಡಾಡಿ, ಆಮೇಲಿನ ಸೋಲುಗಳನ್ನೆಲ್ಲ ಕೃತಕ ಹುಲ್ಲಿನ ತಲೆಗೆ ಕಟ್ಟುವುದು ರೂಢಿ. ಇದರಲ್ಲಿ ಅರ್ಧ ಮಾತ್ರ ನಿಜ.

1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತ 29 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. 14 ಗೋಲು ಧ್ಯಾನ್‌ಚಂದರವೇ. 1932ರಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದ್ದು ನಿಜ, ಆದರೆ ಆ ಹಾಕಿ ಕೂಟಕ್ಕೆ ಬಂದಿದ್ದೇ ಮೂರು ತಂಡ. 1936ರಲ್ಲಿ ಬರ್ಲಿನ್‌ನಲ್ಲೇ ಜರ್ಮನಿಯ ಮೇಲೆ 8-1. ಇವೆಲ್ಲವನ್ನೂ ಮೀರಿದ ಗೆಲುವು 1948ರದ್ದು ಎಂದೇ ನನ್ನ ಎಣಿಕೆ. ಸ್ವಾತಂತ್ರ್ಯ ಬಂದು ವರ್ಷವಾಗಿತ್ತಷ್ಟೆ; ದೇಶ ಇಬ್ಭಾಗವಾಗಿ ಒಳ್ಳೊಳ್ಳೆ ಆಟಗಾರರು ಗಡಿಯಾಚೆ ಉಳಿದಿದ್ದರು. ಅಂಥ ಹೊತ್ತಿನಲ್ಲಿ ವೆಂಬ್ಲಿಯಲ್ಲಿ ಬ್ರಿಟನ್ನಿಗೆ 4-0 ಸೋಲು. ಅದರಲ್ಲಿ ಎರಡು ಗೋಲು ಬಲ್‌ಬೀರ್ ಸಿಂಗ್ ಅವರವು.

1956ರವರೆಗೆ ಸತತ ಆರು ಚಿನ್ನ. 1960ರ ರೋಮ್ ಫೈನಲ್‌ನಲ್ಲಿ ಪಾಕಿಸ್ತಾನ ಒಂದೇ ಗೋಲಿನಿಂದ ಅದನ್ನು ಕಸಿಯಿತು. 1964ರಲ್ಲಿ ಚಿನ್ನ ಮರಳಿತಾದರೂ 1968, 1972ರಲ್ಲಿ ಸಿಕ್ಕಿದ್ದು ಕಂಚು. ಅಂದರೆ ಜಾರುವಿಕೆ ಆರಂಭವಾಗಿದ್ದು ಹುಲ್ಲಿನ ಮೇಲೆಯೇ. ಯುರೋಪಿನವರು ಆಟ ಕಲಿತಿದ್ದರು. ಕೊಡಗಿನ ಎಂ.ಪಿ. ಗಣೇಶ್ ನಾಯಕತ್ವದಲ್ಲಿ 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಬಂತು. 1975ರ ಕ್ವಾಲಾಲಂಪುರ ಫೈನಲ್‌ನಲ್ಲಿ ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಹೊಡೆದ ಚೆಂಡು ಕಂಬದ ಮೂಲೆಗೆ ತಗುಲಿ ಹೊರಬಿತ್ತು. ಗೋಲಲ್ಲವೆಂದು ಪಾಕಿಸ್ತಾನಿ ಆಟಗಾರರು ಪ್ರತಿಭಟಿಸಿದರೂ ಗೋಲೆಂದು ಅಂಪೈರ್ ಕೊಟ್ಟ ತೀರ್ಪು ಬದಲಾಗಲಿಲ್ಲ. ಭಾರತಕ್ಕೆ 2-1 ಜಯ. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು.

ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್‌ನಲ್ಲಿ ಕೃತಕ ಹುಲ್ಲು ಬಂತು. ಭಾರತಕ್ಕೆ ಏಳನೇ ಸ್ಥಾನ. ಹುಲ್ಲಿನಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಒಯ್ದು ಎದುರಾಳಿಯನ್ನು ದಾಟುವುದು ನಮ್ಮವರ ಬಲ. ಟರ್ಫ್‌ ಮೇಲೆ ಚೆಂಡಿಗೆ ಓಟ ಜಾಸ್ತಿ; ದಮ್ಮು, ವೇಗ, ನಿಖರ ಪಾಸ್ ಬೇಕು. ಇಲ್ಲಿನ ಹುಡುಗರು ಮಾತ್ರ ವರ್ಷಗಟ್ಟಲೆ ಮಣ್ಣಿನ ಮೈದಾನದಲ್ಲೇ ಕಲಿಯುತ್ತಿದ್ದರು. ತಪ್ಪು ಟರ್ಫಿನದಲ್ಲ, ಅದನ್ನು ಹಾಸದವರದು. 1980ರ ಮಾಸ್ಕೋ ಚಿನ್ನ ಈ ಕಾಯಿಲೆಯನ್ನು ಮುಚ್ಚಿತು. ಬಹಿಷ್ಕಾರದಿಂದಾಗಿ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ, ನೆದರ್‌ಲೆಂಡ್ಸ್ ಅಲ್ಲಿ ಆಡಿರಲೇ ಇಲ್ಲ. ಎರಡು ವರ್ಷದಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದೆದುರು 1-7ರಿಂದ ಸೋತಾಗ ನಿಜ ಬಯಲಾಯಿತು. 1986ರ ವಿಶ್ವಕಪ್‌ನಲ್ಲಿ ಕೊನೆಯ ಸ್ಥಾನ. 2008ರಲ್ಲಿ ಒಲಿಂಪಿಕ್‌ಗೆ ಅರ್ಹತೆಯೇ ಇಲ್ಲ. 2012ರ ಲಂಡನ್‌ನಲ್ಲಿ ಆಡಿದ್ದೆಲ್ಲ ಸೋಲು.

ಈ ಬರಗಾಲದಲ್ಲೂ ಕೊಡಗು ಆಟಗಾರರನ್ನು ಕೊಡುತ್ತಲೇ ಇತ್ತು. ಮಾಸ್ಕೋದಲ್ಲಿ ಆಡಿದ ಎಂ.ಎಂ. ಸೋಮಯ್ಯ 1988ರಲ್ಲಿ ನಾಯಕರಾದರು. 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಇದ್ದರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಕುಟುಂಬಗಳ ಟೂರ್ನಿಯಲ್ಲಿ ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ ಕೋಲು ಹಿಡಿಯಬಹುದು.

2018ರಿಂದ ಒಡಿಶಾ ಸರ್ಕಾರ ಭಾರತ ತಂಡದ ಪ್ರಾಯೋಜಕತ್ವ ವಹಿಸಿತು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ದೀರ್ಘ ಶಿಬಿರಗಳು ನಡೆದವು. ಟೋಕಿಯೊ ಒಲಿಂಪಿಕ್‌ನಲ್ಲಿ ಕಂಚಿಗಾಗಿ ನಡೆದ ಪಂದ್ಯದಲ್ಲಿ 1-3ರಿಂದ ಹಿಂದಿದ್ದವರು ಜರ್ಮನಿಯನ್ನು 5-4ರಿಂದ ಮಣಿಸಿದರು. ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್ ತಡೆದವರು ಗೋಲ್‌ಕೀಪರ್ ಶ್ರೀಜೇಶ್. 41 ವರ್ಷಗಳ ಬಳಿಕ ಪದಕ! ಪ್ಯಾರಿಸ್ ಒಲಿಂಪಿಕ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿದ್ದ ಮೇಲೆ ಹತ್ತೇ ಮಂದಿ ಬ್ರಿಟನ್ನನ್ನು ತಡೆದು, ಶೂಟೌಟ್‌ನಲ್ಲಿ ಗೆದ್ದು, ಮತ್ತೆ ಕಂಚು ತಂದರು.

ವಿಶ್ವಕಪ್ ಮಾತ್ರ ಒಲಿದಿಲ್ಲ. 1975ರ ನಂತರ ಭಾರತ ಅದರ ಸೆಮಿಫೈನಲ್ ಮುಖ ಕಂಡಿಲ್ಲ; 2023ರಲ್ಲಿ ತವರಿನಲ್ಲೇ ನ್ಯೂಜಿಲೆಂಡ್‌ಗೆ ಶೂಟೌಟ್‌ನಲ್ಲಿ ಸೋತು ಕ್ವಾರ್ಟರ್‌ಫೈನಲನ್ನೂ ತಲುಪಲಿಲ್ಲ.