‘ಊರಿನಲ್ಲಿಲ್ಲ’ ಎಂಬ ಮಾತು

ಮನೆಯೊಡತಿಯು ಕೆಲವು ಕಾಲ ಕಣ್ಣಿಗೆ ಬೀಳದಿದ್ದರೆ ಬಂಧುಗಳೂ ನೆರೆಯವರೂ ವಿಚಾರಿಸುವುದು ಆಕೆಯ ಗಂಡನನ್ನು. ಆತನು ಹೇಳಿದುದೇ ಪ್ರಮಾಣವಾಗುವುದು. ಈ ಲೋಕರೂಢಿಯಿಂದ ಎಂತಹ ಅನರ್ಥವೊದಗಬಹುದೆಂಬುದಕ್ಕೆ ಬೆಂಗಳೂರಿನ ಇತ್ತೀಚಿನ ಚರಿತ್ರೆಯಲ್ಲಿ ಒಂದು ದಾರುಣವಾದ ನಿದರ್ಶನವುಂಟು.

೧೯೨೬ರಿಂದ ೧೯೪೧ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿ. ನಾಲ್ವರು ಹೆಣ್ಣುಮಕ್ಕಳ ತಾಯಿಯಾದ ಆಕೆ ೧೯೮೫ರಲ್ಲಿ ಮೊದಲನೆಯ ಪತಿಯಿಂದ ವಿಚ್ಛೇದನ ಪಡೆದು, ಮರುವರ್ಷ, ಸ್ವಾಮಿ ಶ್ರದ್ಧಾನಂದನೆಂದು ಕರೆಯಿಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು ವಿವಾಹವಾದಳು. ಬಂಧುವರ್ಗಕ್ಕೆ ಇದು ಸಮ್ಮತವಾಗಲಿಲ್ಲ. ರಿಚ್‌ಮಂಡ್ ರಸ್ತೆಯ ವಿಶಾಲವಾದ ಮನೆ ಆಕೆಯದು. ಆಸ್ತಿಯ ವ್ಯವಹಾರಕ್ಕಾಗಿ ಗಂಡನಿಗೆ ಮುಖ್ತ್ಯಾರುನಾಮೆಯನ್ನು ಬರೆದುಕೊಟ್ಟಿದ್ದಳು.

೧೯೯೧ರ ಮೇ ತಿಂಗಳು ಮುಗಿದ ಮೇಲೆ ಆಕೆಯನ್ನು ಕಂಡವರಿಲ್ಲ. ಕೇಳಿದವರಿಗೆ ಗಂಡನು ಒಮ್ಮೆ ಹೈದರಾಬಾದಿಗೆ ಹೋಗಿರುವಳೆಂದನು, ಒಮ್ಮೆ ಕಚ್ಛಕ್ಕೆಂದನು, ಗರ್ಭಿಣಿಯಾಗಿ ಅಮೆರಿಕೆಯ ಆಸ್ಪತ್ರೆಯನ್ನು ಸೇರಿರುವಳೆಂದನು, ಕಡೆಗೆ ಲಂಡನ್ನಿನಲ್ಲಿರುವಳೆಂದನು. ಒಂದರೊಡನೊಂದು ಹೊಂದದ ಈ ಮಾತುಗಳು ಇಷ್ಟು ಕಾಲ ಹೇಗೆ ನಡೆದುವು? ಧನವಂತೆ, ದೇಶಾಂತರ ತಿರುಗಿದವಳು, ಮನಸ್ಸು ಬಂದಂತೆ ಬಾಳಿದವಳು. ಒಂದು ಸಂಸಾರವನ್ನು ಬಿಟ್ಟುಬಂದವಳು ಇನ್ನೊಂದನ್ನೂ ಬಿಟ್ಟುಹೋಗಲಾರಳೆ ಎಂದು ಎಣಿಸುವುದು ಜನಕ್ಕೆ ಬಹಳ ಸುಲಭ. ಆತನು ಹೊಸ ಕಥೆಯನ್ನೇನೂ ಕಟ್ಟಬೇಕಾಗಿರಲಿಲ್ಲ. ಲೋಕವು ಆಕೆಯ ವಿಷಯದಲ್ಲಿ ಮೊದಲೇ ಕಟ್ಟಿಕೊಂಡಿದ್ದ ಕಥೆಗೆ ಒಂದೊಂದು ಊರಿನ ಹೆಸರನ್ನು ಸೇರಿಸಿದರೆ ಸಾಕಾಗಿದ್ದಿತು.

ಇದರಲ್ಲಿ ವ್ಯವಹಾರದ ಸೂಕ್ಷ್ಮವೊಂದು ಅಡಗಿದೆ. ಮುಖ್ತ್ಯಾರುನಾಮೆಯು ಸಾಮಾನ್ಯವಾಗಿ ಕೊಟ್ಟವರ ಮರಣದೊಡನೆ ಅಳಿಯತಕ್ಕದ್ದು. ಹೆಂಡತಿ ಸತ್ತಳೆಂದರೆ ಗಂಡನ ಕೈ ಕಟ್ಟಿಹೋಗುವುದು. ಬದುಕಿದ್ದಾಳೆ, ಆದರೆ ಊರಿನಲ್ಲಿಲ್ಲ ಎಂದರೆ ಆಸ್ತಿಯನ್ನು ಮಾರಲು ಅಡ್ಡಿಯಿಲ್ಲ. ಆಸ್ತಿಯ ವ್ಯವಹಾರವು ಆ ಕಾಗದದ ಬಲದಿಂದಲೇ ನಡೆಯುತ್ತ ಬಂದಿತು.

ನಂಬದೆ ಉಳಿದವಳು ಮಗಳೊಬ್ಬಳು. ಅಮೆರಿಕೆಯ ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಆ ಹೆಸರಿನ ರೋಗಿಯೇ ಅಲ್ಲಿರಲಿಲ್ಲ. ಮುಂಬಯಿಯಲ್ಲಿ ಮಲತಂದೆಯ ಬಳಿ ತಾಯಿಯ ಪಾಸ್‌ಪೋರ್ಟು ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದಿತು. ಪಾಸ್‌ಪೋರ್ಟಿಲ್ಲದೆ ಲಂಡನ್ನಿಗೆ ಹೋದವರುಂಟೆ? ೧೯೯೨ರ ಜೂನ್ ತಿಂಗಳಲ್ಲಿ ಆಕೆ ಬೆಂಗಳೂರಿನ ಅಶೋಕನಗರದ ಠಾಣೆಯಲ್ಲಿ ದೂರು ಕೊಟ್ಟಳು. ಅದು ಕಾಣೆಯಾದವರ ದೂರಾಗಿಯೇ ಸುಮಾರು ಎರಡು ವರ್ಷ ಉಳಿಯಿತು.

೧೯೯೪ರಲ್ಲಿ ತನಿಖೆಯು ಅಪರಾಧ ಪತ್ತೆಯ ವಿಶೇಷ ಶಾಖೆಯ ಕೈಗೆ ಬಂದ ಮೇಲೆ ನಿಜವು ಹೊರಬಿದ್ದಿತು. ಏಪ್ರಿಲ್ ಕೊನೆಯಲ್ಲಿ ರಿಚ್‌ಮಂಡ್ ರಸ್ತೆಯ ಆ ಮನೆಯ ಆವರಣವನ್ನು ಅಗೆದಾಗ ನೆಲದಡಿ ಮರದ ಪೆಟ್ಟಿಗೆಯೊಂದು ದೊರೆಯಿತು. ಅದರೊಳಗೆ ಆಕೆಯ ಅಸ್ಥಿಪಂಜರವಿದ್ದಿತು. ಮತ್ತು ಬರುವ ಔಷಧವನ್ನು ಕುಡಿಸಿ, ಜೀವವಿರುವಾಗಲೇ ಹೂಳಿದನೆಂದು ನ್ಯಾಯಾಲಯವು ನಿರ್ಣಯಿಸಿತು. ಹೈದರಾಬಾದು, ಲಂಡನ್ನುಗಳಲ್ಲಿ ಜನರು ಆಕೆಯನ್ನು ಊಹಿಸಿಕೊಳ್ಳುತ್ತಿದ್ದಷ್ಟು ಕಾಲವೂ ಆಕೆ ತನ್ನ ಮನೆಯ ಅಂಗಳವನ್ನು ದಾಟಿರಲಿಲ್ಲ.

೨೦೦೫ರಲ್ಲಿ ಆತನಿಗೆ ಮರಣದಂಡನೆಯಾಯಿತು. ೨೦೦೭ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಶಿಕ್ಷೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ತಳೆದುದರಿಂದ, ೨೦೦೮ರ ಜುಲೈ ತಿಂಗಳಲ್ಲಿ ಮೂವರ ಪೀಠವು ಜೀವವಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಗಲ್ಲಿಗೂ ಸಾಮಾನ್ಯ ಜೀವಾವಧಿಗೂ ನಡುವಣ ಈ ಶಿಕ್ಷೆಯನ್ನು ೨೦೧೫ರಲ್ಲಿ ಸಂವಿಧಾನಪೀಠವೂ ಎತ್ತಿಹಿಡಿಯಿತು. ವಕೀಲರು ಈ ತೀರ್ಪನ್ನು ಇಂದಿಗೂ ಉದಾಹರಿಸುವರು. ಗ್ರಂಥಗಳಲ್ಲಿ ಅದಕ್ಕಿರುವ ಹೆಸರು ಶ್ರದ್ಧಾನಂದನದು.