ತೊಡಂಗ್
ತೊಡಂಗ್ ಎಂಬುದು ಕೊಡಗು ಜಿಲ್ಲೆಯ ಕೊಡವರು ಒಡಿಕತ್ತಿಯನ್ನು ಸೊಂಟದ ಹಿಂಭಾಗದಲ್ಲಿ ಧರಿಸಲು ಬಳಸುವ ಸಾಂಪ್ರದಾಯಿಕ ಲೋಹದ ಕೊಂಡಿ. ಸಾಮಾನ್ಯವಾಗಿ ಹಿತ್ತಾಳೆಯಿಂದ ಮಾಡಿದ ಇದನ್ನು ಸೊಂಟಪಟ್ಟಿಯೊಂದಿಗೆ ಬೆನ್ನಿನ ಕಡೆ ಕಟ್ಟಿಕೊಳ್ಳಲಾಗುತ್ತದೆ.

ರಚನೆ ಮತ್ತು ಬಳಕೆ

ಒಡಿಕತ್ತಿಯು ಅಗಲವಾದ, ಬಾಗಿದ ಅಲಗುಳ್ಳ ಭಾರವಾದ ಆಯುಧ. ಪಿಸ್ತೂಲನ್ನು ಸೊಂಟಪಟ್ಟಿಗೆ ಜೋಡಿಸಿದ ಚೀಲದಲ್ಲಿ ಇರಿಸಿಕೊಳ್ಳುವಂತೆ ಇದನ್ನು ಒರೆಯಲ್ಲಿ ಇಡುವುದಿಲ್ಲ. ತೆರೆದ ಅಲಗನ್ನೇ ತೊಡಂಗ್‌ಗೆ ಸಿಕ್ಕಿಸಲಾಗುತ್ತದೆ. ಆದ್ದರಿಂದ ಕೊಂಡಿಯೂ ಪಟ್ಟಿಯೂ ಗಟ್ಟಿಯಾಗಿ, ಸೊಂಟಕ್ಕೆ ಬಿಗಿಯಾಗಿ ಇರಬೇಕಾಗುತ್ತದೆ. ಅವು ಸಡಿಲವಾದರೆ ಕತ್ತಿಯು ಜಾರಿ ಧರಿಸಿದವರಿಗೇ ಗಾಯವಾಗಬಹುದು. ಬೆನ್ನಿನ ಕಡೆ ಧರಿಸುವುದರಿಂದ ಎರಡೂ ಕೈಗಳು ಮುಕ್ತವಾಗಿರುತ್ತವೆ.

ಚೇಲೆಯೊಂದಿಗಿನ ವ್ಯತ್ಯಾಸ

ತೊಡಂಗ್ ಮತ್ತು ಚೇಲೆ ಬೇರೆ ಬೇರೆ. ಚೇಲೆಯು ಕುಪ್ಯ ಎಂಬ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ವಸ್ತ್ರ. ಅದರ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯು ಗಾತ್ರದಲ್ಲಿ ಚಿಕ್ಕದು. ಅದಕ್ಕೆ ಅಲಂಕೃತವಾದ ಒರೆಯಿರುತ್ತದೆ.

ಇಂದಿನ ಸ್ಥಿತಿ

ಒಡಿಕತ್ತಿಯು ಈಗ ಯುದ್ಧದ ಆಯುಧವಾಗಿ ಉಳಿದಿಲ್ಲ. ಕೊಡವರ ಮದುವೆಗಳಲ್ಲಿ ಬಾಳೆಯ ದಿಂಡನ್ನು ಕಡಿಯುವ ಗೌರವದ ಆಚರಣೆಗೆ ಅದನ್ನು ಬಳಸುತ್ತಾರೆ. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಜೊತೆಗೆ ಒಡಿಕತ್ತಿಗೂ ಪೂಜೆ ಸಲ್ಲುತ್ತದೆ. ಹೀಗೆ ತೊಡಂಗ್ ಇಂದು ಮುಖ್ಯವಾಗಿ ಸಾಂಪ್ರದಾಯಿಕ ಉಡುಗೆಯ ಭಾಗವಾಗಿ ಬಳಕೆಯಲ್ಲಿದೆ.