ಕಾರಿಗೆ ತಕ್ಕ ಕ್ಯಾಮ್‌ಶಾಫ್ಟ್

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ತೆಗೆದು, ಅದೇ ಜಾಗದಲ್ಲಿ ಹೆಚ್ಚು ಸಾಮರ್ಥ್ಯದ ಇನ್ನೊಂದು ಎಂಜಿನ್ ಕೂರಿಸುವುದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬಹುಕಾಲದಿಂದ ನಡೆದುಬಂದ ಹವ್ಯಾಸ. ಹಾಗೆ ಮಾಡುವವರಿಗೆ ಎದುರಾಗುವ ಮುಖ್ಯ ಪ್ರಶ್ನೆ, ಹೊಸ ಎಂಜಿನ್‌ಗೆ ಯಾವ ಕ್ಯಾಮ್‌ಶಾಫ್ಟ್ ಹಾಕಬೇಕು ಎಂಬುದು. ಅತಿ ಹೆಚ್ಚು ಅಶ್ವಶಕ್ತಿ ಕೊಡುವುದನ್ನು ಹಾಕಿದರಾಯಿತು ಎಂದು ನೀವು ಹೇಳಬಹುದು. ಆ ಉತ್ತರ ಏಕೆ ಸಾಲದು ಎಂಬುದನ್ನು ಎಂಜಿಬಿ ಎಂಬ ಬ್ರಿಟಿಷ್ ಕಾರಿನ ಚರಿತ್ರೆಯ ಮೂಲಕ ನೋಡೋಣ.

ಉಬ್ಬು ಮಾಡುವ ಕೆಲಸ

ತಿರುಗುವ ದಂಡದ ಮೇಲೆ ಒಂದು ಉಬ್ಬು ಇದ್ದರೆ, ಪ್ರತಿ ಸುತ್ತಿನಲ್ಲೂ ಅದು ತನ್ನ ಮೇಲೆ ಕೂತ ವಸ್ತುವನ್ನು ಎತ್ತಿ ಇಳಿಸುತ್ತದೆ. ಈ ಉಬ್ಬೇ ಕ್ಯಾಮ್. ಅಲ್-ಜಝರಿ 1206ರಲ್ಲಿ ಬರೆದ ಯಂತ್ರಗಳ ಪುಸ್ತಕದಲ್ಲೇ ಇಂಥ ದಂಡದ ವಿವರಣೆಯಿದೆ. ನೀರಿನ ಚಕ್ರದ ಬಲದಿಂದ ಭಾರದ ಸುತ್ತಿಗೆಗಳನ್ನು ಎತ್ತಲು ಕ್ಯಾಮ್‌ಗಳನ್ನು ಶತಮಾನಗಳ ಕಾಲ ಬಳಸಲಾಯಿತು.

ನಾಲ್ಕು ಹೊಡೆತಗಳ ಪೆಟ್ರೋಲ್ ಎಂಜಿನ್‌ನಲ್ಲಿ ಕ್ಯಾಮ್‌ಗಳು ಕವಾಟಗಳನ್ನು ತೆರೆಯುತ್ತವೆ. ಹೀರುವಿಕೆ, ಒತ್ತುವಿಕೆ, ದಹನ, ಹೊರಹಾಕುವಿಕೆ – ಈ ನಾಲ್ಕೂ ಮುಗಿಯಲು ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ಕವಾಟ ಒಮ್ಮೆ ಮಾತ್ರ ತೆರೆಯಬೇಕು. ಆದ್ದರಿಂದ ಕ್ಯಾಮ್‌ಶಾಫ್ಟ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ.

ಮೊದಲ ಎಂಜಿನ್‌ಗಳಲ್ಲಿ ಒಳಬರುವ ಕವಾಟಕ್ಕೆ ಕ್ಯಾಮ್ ಇರಲೇ ಇಲ್ಲ. ಡಿ ಡಿಯೋನ್-ಬೂಟನ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಉಂಟಾಗುವ ಎಳೆತಕ್ಕೇ ಅದು ತೆರೆದುಕೊಳ್ಳುತ್ತಿತ್ತು. ವೇಗ ಹೆಚ್ಚಿದಂತೆ ಈ ಏರ್ಪಾಡು ಸಾಲದಾಯಿತು. 1901ರ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ಒಳಬರುವ ಕವಾಟಗಳನ್ನೂ ಕ್ಯಾಮ್‌ಶಾಫ್ಟ್ ಹಿಡಿತಕ್ಕೆ ತರಲಾಯಿತು. ಅಲ್ಲಿಂದ ಮುಂದೆ ಕವಾಟ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದು ವಿನ್ಯಾಸಕಾರನ ಆಯ್ಕೆಗೆ ಬಂತು.

ಸಮಯದ ಅಭಾವ

ಈ ಆಯ್ಕೆ ಸುಲಭದ್ದಲ್ಲ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಒಂದು ಸುತ್ತಿಗೆ 60 ಮಿಲಿಸೆಕೆಂಡ್ ಬೇಕು. 5000 ಸುತ್ತಿನಲ್ಲಿ 12 ಮಿಲಿಸೆಕೆಂಡ್ ಮಾತ್ರ. ಪಿಸ್ಟನ್ ಕೆಳಗಿಳಿಯುವ 180 ಡಿಗ್ರಿಯಷ್ಟೇ ಕವಾಟ ತೆರೆದಿದ್ದರೆ ಸಿಲಿಂಡರ್ ತುಂಬಲು ಸಿಗುವುದು 6 ಮಿಲಿಸೆಕೆಂಡ್. ಗಾಳಿಗೂ ಜಡತ್ವವಿದೆ, ಅದು ತಕ್ಷಣ ಹೊರಡುವುದಿಲ್ಲ, ಹೊರಟ ಮೇಲೆ ತಕ್ಷಣ ನಿಲ್ಲುವುದೂ ಇಲ್ಲ.

ಸಂತೆಯ ದಿನ ಬಸ್ಸಿಗೆ ಜನ ನುಗ್ಗುವುದನ್ನು ನೆನಪಿಸಿಕೊಳ್ಳಿ. ನೂಕುನುಗ್ಗಲು ಜೋರಾಗಿದ್ದಾಗ ಬಾಗಿಲು ಇನ್ನಷ್ಟು ಹೊತ್ತು ತೆರೆದಿದ್ದರೆ ಇನ್ನೂ ನಾಲ್ಕು ಜನ ಒಳಸೇರುತ್ತಾರೆ. ನೂಕು ಇಲ್ಲದಾಗ ಹಾಗೆ ಮಾಡಿದರೆ ಒಳಗಿದ್ದವರೂ ಇಳಿದುಬಿಡಬಹುದು. ಎಂಜಿನ್‌ನಲ್ಲೂ ಹೀಗೆಯೇ. ಪಿಸ್ಟನ್ ಮೇಲೇರತೊಡಗಿದ ಮೇಲೂ ಒಳಬರುವ ಕವಾಟವನ್ನು ಸ್ವಲ್ಪ ಕಾಲ ತೆರೆದಿಟ್ಟರೆ, ಹೆಚ್ಚು ವೇಗದಲ್ಲಿ ನುಗ್ಗುವ ಗಾಳಿ ತನ್ನ ಜಡತ್ವದಿಂದಲೇ ಒಳಸೇರುತ್ತದೆ. ಕಡಿಮೆ ವೇಗದಲ್ಲಾದರೆ ಪಿಸ್ಟನ್ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳುತ್ತದೆ. ಹೊರಹೋಗುವ ಮತ್ತು ಒಳಬರುವ ಕವಾಟಗಳೆರಡೂ ಒಟ್ಟಿಗೆ ತೆರೆದಿರುವ ಅವಧಿಗೂ ಇದೇ ಮಾತು ಅನ್ವಯಿಸುತ್ತದೆ. ವೇಗ ಹೆಚ್ಚಿದ್ದಾಗ ಅದು ಲಾಭ. ನಿಧಾನಗತಿಯಲ್ಲಿ ಸುಟ್ಟ ಅನಿಲ ಹಿಂದೆ ಸರಿದು ಹೊಸ ಮಿಶ್ರಣದೊಡನೆ ಬೆರೆಯುತ್ತದೆ, ಎಂಜಿನ್ ತಡವರಿಸುತ್ತದೆ.

ಅಂದರೆ ಕ್ಯಾಮ್‌ಶಾಫ್ಟ್ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಎಂಜಿನ್ ಯಾವ ವೇಗದಲ್ಲಿ ಚೆನ್ನಾಗಿ ಉಸಿರಾಡಬೇಕು ಎಂಬುದನ್ನು ನಿರ್ಧರಿಸುತ್ತದೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳಲೇಬೇಕು.

ಅಮೆರಿಕದ ಎಂಜಿನ್, ಬ್ರಿಟನ್ನಿನ ಕಾರು

ಎಂಜಿಬಿ 1962ರಲ್ಲಿ ಬಂದ ಕಾರು. ಅದರ 1798 ಘನ ಸೆಂಟಿಮೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ ಸುಮಾರು 95 ಅಶ್ವಶಕ್ತಿ ಕೊಡುತ್ತಿತ್ತು. ಹೆಚ್ಚು ಶಕ್ತಿಗಾಗಿ 1967ರಲ್ಲಿ ಕಬ್ಬಿಣದ ಆರು ಸಿಲಿಂಡರ್ ಎಂಜಿನ್ ಹೊತ್ತ ಎಂಜಿಸಿ ಬಂತು. ಈ ಎಂಜಿನ್ ಹಳೆಯದಕ್ಕಿಂತ ಸುಮಾರು 95 ಕಿಲೋಗ್ರಾಂ ಭಾರವಾಗಿತ್ತು. ಮುಂಭಾಗ ಭಾರವಾದ ಕಾರು ತಿರುವುಗಳಲ್ಲಿ ಸರಾಗವಾಗಿ ತಿರುಗುವುದಿಲ್ಲ ಎಂಬ ಟೀಕೆಗೆ ಗುರಿಯಾಗಿ 1969ರಲ್ಲೇ ನಿಂತುಹೋಯಿತು.

ಪರಿಹಾರ ಬೇರೆಡೆ ಇತ್ತು. ಅಮೆರಿಕದ ಬ್ಯೂಕ್ 1961ರಿಂದ 1963ರವರೆಗೆ ಸುಮಾರು 3.5 ಲೀಟರಿನ ಅಲ್ಯುಮಿನಿಯಮ್ ವಿ8 ಎಂಜಿನ್ ತಯಾರಿಸಿ ಕೈಬಿಟ್ಟಿತ್ತು. ರೋವರ್ ಕಂಪನಿಯ ವಿಲಿಯಂ ಮಾರ್ಟಿನ್-ಹರ್ಸ್ಟ್ ಅದನ್ನು ಗುರುತಿಸಿದರು; 1965ರಲ್ಲಿ ತಯಾರಿಕೆಯ ಹಕ್ಕು ರೋವರ್‌ಗೆ ಬಂತು. ಹಗುರ ಲೋಹದ್ದಾದ್ದರಿಂದ ತೂಕದಲ್ಲಿ ಇದಕ್ಕೂ ಎಂಜಿಬಿಯ ಹಳೆಯ ಎಂಜಿನ್‌ಗೂ ಹೆಚ್ಚು ಅಂತರವಿರಲಿಲ್ಲ. 1970ರ ದಶಕದ ಆರಂಭದಲ್ಲಿ ಕೆನ್ ಕೊಸ್ಟೆಲೊ ಇದನ್ನು ಎಂಜಿಬಿಗೆ ಅಳವಡಿಸಿ ಮಾರತೊಡಗಿದರು. 1973ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ತಾನೇ ಎಂಜಿಬಿ ಜಿಟಿ ವಿ8 ಹೊರತಂದಿತು. 1976ರವರೆಗೆ ತಯಾರಾದದ್ದು 2591 ಕಾರುಗಳು.

ಈ ಎಂಜಿನ್‌ನಲ್ಲಿ ಎರಡು ಸಾಲು ಸಿಲಿಂಡರ್‌ಗಳ ನಡುವೆ ಒಂದೇ ಕ್ಯಾಮ್‌ಶಾಫ್ಟ್. ಹದಿನಾರು ಕವಾಟಗಳಿಗೆ ಹದಿನಾರು ಉಬ್ಬುಗಳು. ಕಾರ್ಖಾನೆ ಆರಿಸಿದ್ದು ಸೌಮ್ಯ ಸ್ವಭಾವದ ರೂಪ. ಸಂಪೀಡನ ಅನುಪಾತವೂ 8.25ರಷ್ಟು ಕಡಿಮೆ. ಶಕ್ತಿ 5000 ಸುತ್ತಿನಲ್ಲಿ 137 ಅಶ್ವಶಕ್ತಿ. ಟಾರ್ಕ್ 2900 ಸುತ್ತಿನಲ್ಲಿ 262 ನ್ಯೂಟನ್-ಮೀಟರ್.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಶಕ್ತಿ ಎಂದರೆ ಟಾರ್ಕ್ ಮತ್ತು ಕೋನೀಯ ವೇಗಗಳ ಗುಣಲಬ್ಧ. 137 ಅಶ್ವಶಕ್ತಿ ಸುಮಾರು 102 ಕಿಲೋವ್ಯಾಟ್. 5000 ಸುತ್ತಿಗೆ ಕೋನೀಯ ವೇಗ ಸೆಕೆಂಡಿಗೆ 524 ರೇಡಿಯನ್. ಭಾಗಿಸಿದರೆ ಟಾರ್ಕ್ 195 ನ್ಯೂಟನ್-ಮೀಟರ್. ಗರಿಷ್ಠ ಟಾರ್ಕ್‌ನ ಕಾಲು ಭಾಗ ಅಲ್ಲಿ ಇಲ್ಲವಾಗಿದೆ. ಘರ್ಷಣೆಯ ಪಾಲು ಸ್ವಲ್ಪವಿದ್ದರೂ, ಮುಖ್ಯವಾಗಿ ಆ ವೇಗದಲ್ಲಿ ಸಿಲಿಂಡರ್‌ಗಳು ಪೂರ್ತಿ ತುಂಬುತ್ತಿಲ್ಲ.

ಹಾಗಾದರೆ ಹೆಚ್ಚು ಹೊತ್ತು ಕವಾಟ ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕಬಾರದೆ? ಹಾಕಬಹುದು, ಆದರೆ ಉಳಿದದ್ದನ್ನೂ ನೋಡಬೇಕು. ಎಂಜಿಬಿಯ ಹಿಂಚಕ್ರಗಳ ಗೇರ್ ಅನುಪಾತ 3.909, ವಿ8 ಕಾರಿನಲ್ಲಿ ಅದನ್ನು 3.07ಕ್ಕೆ ಇಳಿಸಲಾಗಿತ್ತು. ಒಂದೇ ಅಳತೆಯ ಚಕ್ರಗಳಿದ್ದರೆ, ನೇರ ಟಾಪ್ ಗೇರಿನಲ್ಲಿ ಹಳೆಯ ಎಂಜಿನ್ 4000 ಸುತ್ತು ತಿರುಗುವ ವೇಗದಲ್ಲಿ ವಿ8 ತಿರುಗುವುದು ಸುಮಾರು 3140 ಸುತ್ತು. ಇದು ಗರಿಷ್ಠ ಟಾರ್ಕ್ ಸಿಗುವ ವೇಗಕ್ಕೆ ಹತ್ತಿರ. ಕಾರು ದಿನವೂ ಓಡುವುದು ಈ ಆಸುಪಾಸಿನಲ್ಲೇ ಹೊರತು 5000ದಲ್ಲಲ್ಲ. ಕವಾಟ ತಡವಾಗಿ ಮುಚ್ಚಿದರೆ ಒತ್ತುವಿಕೆಯೂ ತಡವಾಗಿ ಶುರುವಾಗುತ್ತದೆ; ಮೊದಲೇ ಕಡಿಮೆಯಿರುವ ಸಂಪೀಡನ ಇನ್ನಷ್ಟು ಕುಗ್ಗುತ್ತದೆ. ನಿಧಾನಗತಿಯಲ್ಲಿ ಒಳಹರಿವಿನ ಕೊಳವೆಯ ನಿರ್ವಾತ ದುರ್ಬಲವಾಗಿ, ಅದನ್ನೇ ನಂಬಿದ ಬ್ರೇಕಿನ ಸಹಾಯಕವೂ ಸೊರಗುತ್ತದೆ. ಇದು ಸುರಕ್ಷತೆಯ ಪ್ರಶ್ನೆ.

ಸ್ಪ್ರಿಂಗಿನ ಮಿತಿ ಇನ್ನೊಂದು. ಕವಾಟದ ವೇಗೋತ್ಕರ್ಷ ಎಂಜಿನ್ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಬೇಕಾಗುವ ಬಲ ನಾಲ್ಕು ಪಟ್ಟು. ಸ್ಪ್ರಿಂಗಿಗೆ ಅಷ್ಟು ಬಲವಿಲ್ಲದಿದ್ದರೆ ಕವಾಟ ಕ್ಯಾಮ್ ಹೇಳಿದಂತೆ ಕೇಳುವುದಿಲ್ಲ. ಸ್ಪ್ರಿಂಗ್ ಬಿಗಿ ಮಾಡಿದರೆ ಉಬ್ಬು ಬೇಗ ಸವೆಯುತ್ತದೆ.

ಹೆಚ್ಚು ವೇಗವೇ ಗುರಿಯಾದರೆ ಏನು ಮಾಡಬೇಕೆಂಬುದಕ್ಕೂ ಇದೇ ಎಂಜಿನ್ ಕುಟುಂಬ ಉದಾಹರಣೆ ಕೊಟ್ಟಿದೆ. ಬ್ಯೂಕ್ ಎಂಜಿನ್‌ನ ಸೋದರ ರೂಪವಾದ ಓಲ್ಡ್ಸ್‌ಮೊಬೈಲ್‌ನ ಅಲ್ಯುಮಿನಿಯಮ್ ಬ್ಲಾಕ್ ಆಧರಿಸಿ ಆಸ್ಟ್ರೇಲಿಯಾದ ರೆಪ್ಕೊ ಕಂಪನಿ 3 ಲೀಟರಿನ ರೇಸ್ ಎಂಜಿನ್ ಕಟ್ಟಿತು. ಅದರಲ್ಲಿ ಪ್ರತಿ ಸಾಲಿನ ತಲೆಯ ಮೇಲೂ ಒಂದು ಕ್ಯಾಮ್‌ಶಾಫ್ಟ್ ಇತ್ತು. ಶಕ್ತಿ ಸುಮಾರು 300 ಅಶ್ವಶಕ್ತಿ. 1966ರಲ್ಲಿ ಜ್ಯಾಕ್ ಬ್ರಭಾಮ್ ವಿಶ್ವ ಚಾಂಪಿಯನ್ ಆದದ್ದು ಇದರಿಂದಲೇ. ಆದರೆ ಪೇಟೆಯ ರಸ್ತೆಯಲ್ಲಿ ಅಂಥ ಎಂಜಿನ್ ಒಗ್ಗುವುದಿಲ್ಲ.

ಆಯ್ಕೆಯ ಕ್ರಮ

ಆದ್ದರಿಂದ ಕ್ಯಾಮ್‌ಶಾಫ್ಟ್ ಆರಿಸುವವನು ಕಾರಿನ ತೂಕ, ಗೇರ್ ಅನುಪಾತ, ಸಂಪೀಡನ ಅನುಪಾತ ಮತ್ತು ಕಾರು ಓಡಲಿರುವ ರಸ್ತೆಯನ್ನು ಮೊದಲು ಬರೆದುಕೊಳ್ಳಬೇಕು. ಕೊನೆಗೆ ಕ್ಯಾಮ್‌ಶಾಫ್ಟ್ ಪಟ್ಟಿ ತೆರೆಯಬೇಕು. ಕವಾಟ ತೆರೆದಿರುವ ಡಿಗ್ರಿಗಳನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಎತ್ತರದಿಂದ ಅಳೆಯುವುದರಿಂದ, ಎರಡು ಪಟ್ಟಿಗಳ ಅಂಕಿಗಳನ್ನು ನೇರವಾಗಿ ಹೋಲಿಸಬಾರದು.

ಒಂದೇ ಉಬ್ಬಿಗೆ ಕಟ್ಟುಬೀಳುವ ಈ ತೊಡಕನ್ನು ಸಡಿಲಿಸುವ ಪ್ರಯತ್ನಗಳು ನಂತರ ಫಲ ಕೊಟ್ಟವು. ಕವಾಟದ ಸಮಯವನ್ನು ಓಡುವಾಗಲೇ ಬದಲಿಸುವ ಏರ್ಪಾಡನ್ನು ಆಲ್ಫಾ ರೋಮಿಯೊ 1980ರಲ್ಲಿ ಮಾರಾಟದ ಕಾರಿಗೆ ತಂದಿತು. 1989ರಲ್ಲಿ ಹೋಂಡಾ ಕಡಿಮೆ ವೇಗಕ್ಕೊಂದು, ಹೆಚ್ಚು ವೇಗಕ್ಕೊಂದು ಎಂದು ಬೇರೆ ಬೇರೆ ಉಬ್ಬುಗಳನ್ನೇ ಒಂದೇ ದಂಡದ ಮೇಲಿಟ್ಟಿತು. ಎಲ್ಲ ವೇಗಕ್ಕೂ ಒಪ್ಪುವ ಒಂದು ಆಕಾರ ಇಲ್ಲ ಎಂಬುದನ್ನು ಎಂಜಿನಿಯರುಗಳು ಒಪ್ಪಿಕೊಂಡ ರೀತಿ ಇದು.

ತರಗತಿಯಲ್ಲಿ ಟಾರ್ಕ್ ಮತ್ತು ಶಕ್ತಿಯ ಸಂಬಂಧ ಕಲಿಸುವಾಗ ಮೇಲಿನ ಎರಡು ಅಂಕಿಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, 2900 ಸುತ್ತಿನಲ್ಲಿ ಶಕ್ತಿ ಎಷ್ಟೆಂದು ಕೇಳಿ. ಸುಮಾರು 107 ಅಶ್ವಶಕ್ತಿ ಬರಬೇಕು. ಎಂಜಿಬಿಯ ಹಳೆಯ ಎಂಜಿನ್ ತನ್ನ ಗರಿಷ್ಠ ವೇಗದಲ್ಲಿ ಏದುಸಿರು ಬಿಡುತ್ತ ಕೊಡುತ್ತಿದ್ದುದಕ್ಕಿಂತ ಇದು ಹೆಚ್ಚು. ಕಾರ್ಖಾನೆ ಸೌಮ್ಯ ಕ್ಯಾಮ್‌ಶಾಫ್ಟ್ ಏಕೆ ಆರಿಸಿತು ಎಂಬುದಕ್ಕೆ ಉತ್ತರ ಆ ಲೆಕ್ಕದಲ್ಲೇ ಸಿಗುತ್ತದೆ.